ಕಬ್ಬಿನ ಕಾಲಂ

ಅವರ ಬೀಳ್ಕೊಡುಗೆಗೆ ಹನ್ನೊಂದು ಜನ ರೈತರು ಬಂದಿದ್ದರು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸಹಾಯಕರೊಬ್ಬರು ನಿವೃತ್ತರಾಗುವಾಗ ಪ್ರಾಂಶುಪಾಲರು ಬರುವುದುಂಟು, ಶಾಲು ಹೊದಿಸುವುದುಂಟು, ಸಮೋಸಾ ತಿಂದು ಹೋಗುವುದುಂಟು. ರೈತರು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಹೊಲದಿಂದ ಟ್ರ್ಯಾಕ್ಟರ್ ಹತ್ತಿ ನೇರ ಬಂದವರು ಸೆಮಿನಾರ್ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ವಿಭಾಗದ ಮುಖ್ಯಸ್ಥನಾದ ನನಗೆ ಮೀಸಲಿಟ್ಟಿದ್ದ ಸಾಲು ಅದು. ಒಬ್ಬರು ಬೆಲ್ಲದ ಅಚ್ಚಿನ ಪೆಂಟಿ ತಂದಿದ್ದರು. ಇನ್ನೊಬ್ಬರು ಅವರ ತಲೆಗೆ ಪಟಗಾ ಸುತ್ತಿದರು. ನಾನು ಹಿಂದೆ ಗೋಡೆಗೆ ಆತು ನಿಂತು ಯೋಚಿಸುತ್ತಿದ್ದೆ. ಇನ್ನು ಏಳು ವರ್ಷಕ್ಕೆ ನನ್ನ ಬೀಳ್ಕೊಡುಗೆ. ಅಥಣಿಯಿಂದ ನನ್ನ ಸ್ವಂತ ತಮ್ಮನಾದರೂ ಬಂದಾನೇ? ಖಾತ್ರಿಯಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಅವರ ಹೆಸರು ಈಗಾಗಲೇ ಸಾಕಷ್ಟು ಓಡಾಡಿದೆ. ನನ್ನ ಕೈಯಿಂದಲೂ ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುವ ದೊಡ್ಡ ಮನಸ್ಸು ನನಗಿಲ್ಲ. ಹುಡುಗರು ಅವರನ್ನು ಸರ್ ಎನ್ನುತ್ತಿದ್ದರು. ಸುತ್ತಲಿನ ರೈತರು ಟಾವರ್ ಅಣ್ಣಾ ಎನ್ನುತ್ತಿದ್ದರು. ನನ್ನನ್ನು ಎಲ್ಲರೂ ಎಚ್‌ಓಡಿ ಎನ್ನುತ್ತಾರೆ. ನನಗೆ ಮೊದಲು ಆ ಕುರ್ಚಿಯಲ್ಲಿ ಕುಳಿತವರನ್ನೂ ಹಾಗೆಯೇ ಅನ್ನುತ್ತಿದ್ದರು.

ಟಾವರ್ ಅಂದರೆ ನಮ್ಮ ರೇಂಜಿನ ಗೋಪುರ. ಮೈಕ್ರೋವೇವ್ ಆಂಟೆನಾಗಳನ್ನು ಬಯಲಿನಲ್ಲಿ ಅಳೆಯುವ ಜಾಗಕ್ಕೆ ರೇಂಜ್ ಎನ್ನುತ್ತಾರೆ. ಕರೋಶಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಕಾಲೇಜಿದೆ. ಅದರ ಮಾಳಿಗೆಯ ಮೇಲೆ ಅಲೆಗಳನ್ನು ಬಿಡುವ ಆಂಟೆನಾ. ಎದುರಿಗೆ, ಹೊಲಗಳ ಆಚೆಯ ದಿಬ್ಬದ ಮೇಲೆ ಕಬ್ಬಿಣದ ಗೋಪುರ. ಅದರ ತಲೆಯ ಮೇಲೊಂದು ತಿರುಗುವ ಪೀಠ. ಪರೀಕ್ಷೆಗೆ ಬಂದ ಆಂಟೆನಾವನ್ನು ಪೀಠಕ್ಕೆ ಬಿಗಿದು ನಿಧಾನವಾಗಿ ತಿರುಗಿಸುತ್ತ, ಯಾವ ದಿಕ್ಕಿನಿಂದ ಅದಕ್ಕೆ ಎಷ್ಟು ಕೇಳಿಸುತ್ತದೆ ಎಂದು ಬರೆದುಕೊಳ್ಳಬೇಕು. ಕೆಲಸ ಅಷ್ಟೇ. ತೊಡಕಿರುವುದು ನಡುವಿನ ನೆಲದಲ್ಲಿ. ಅಲೆ ಗಾಳಿಯಲ್ಲಿ ನೆಟ್ಟಗೆ ಬರುವುದಲ್ಲದೆ ನೆಲಕ್ಕೆ ಬಡಿದು ಪುಟಿದೂ ಬರುತ್ತದೆ. ಎರಡೂ ಕೂಡಿದರೆ ಆಂಟೆನಾ ಇದ್ದದ್ದಕ್ಕಿಂತ ಜಾಣ ಅನ್ನಿಸಿಕೊಳ್ಳುತ್ತದೆ, ಒಂದನ್ನೊಂದು ಕಳೆದರೆ ದಡ್ಡ ಅನ್ನಿಸಿಕೊಳ್ಳುತ್ತದೆ. ನಡುವೆ ಸಮತಟ್ಟಾದ ಬಯಲಿರಬೇಕು ಎಂದು ಪುಸ್ತಕದಲ್ಲಿದೆ. ನಮ್ಮ ನಡುವೆ ಇದ್ದದ್ದು ಪದ್ಮವ್ವನ ಮೂರು ಎಕರೆ ಕಬ್ಬು.

ಅವರು ಬೇರೆ ಕಡೆ ಜಾಗ ಕೊಡಿ ಎಂದು ಎಂದೂ ಅರ್ಜಿ ಬರೆಯಲಿಲ್ಲ. ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದರು. ತಾರೀಖು, ಆಂಟೆನಾ, ಫ್ರೀಕ್ವೆನ್ಸಿ, ಅದರ ಪಕ್ಕ ಕಬ್ಬು. ಆ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು: ಗೇಣುದ್ದ. ಮೊಣಕಾಲು. ಸೊಂಟ. ಆಳೆತ್ತರ, ನಿನ್ನೆ ನೀರು. ಆಳೆತ್ತರ, ಒಣಗಿದೆ, ಗಾಳಿ. ಪ್ರತಿದಿನ ಬೆಳಿಗ್ಗೆ ಪದ್ಮವ್ವನಿಗೆ ಫೋನು ಹೋಗುತ್ತಿತ್ತು.

"ಪದ್ಮವ್ವಾ, ಇವತ್ತ ನೀರ ಬಿಡಾಕಿ ಏನ?"

"ಹತ್ತಕ್ಕ ತ್ರೀಫೇಸ್ ಬರತೈತಿ ಅಣ್ಣಾ, ಬಂದ ಕೂಡ್ಲೇ ಮೋಟರ್ ಹಾಕತೀನಿ. ಯಾಕ, ಇವತ್ತ ಅಳಿಯೂದೈತೇನ?"

"ಇಲ್ಲವಾ, ನೀ ಬಿಡು. ನಂದೇನ ಕಾಯತೈತಿ. ನಿನ್ನ ಕಬ್ಬ ಕಾಯಂಗಿಲ್ಲ."

ಅಷ್ಟಂದು ನಮ್ಮ ಕಡೆ ತಿರುಗಿ, "ಇವತ್ತ ಬ್ಯಾಡ್ರಿ, ಹೊಲಾ ಒಲ್ಲೆ ಅಂತೈತಿ" ಎನ್ನುತ್ತಿದ್ದರು. ಮೂವತ್ತು ಹುಡುಗರ ಲ್ಯಾಬು, ನನ್ನ ಟೈಮ್‌ಟೇಬಲ್ಲು ಎಲ್ಲ ಅಲ್ಲಿಗೆ ಮುಗಿಯಿತು. ನಾನು ಮುಖ್ಯಸ್ಥ. ಆದರೆ ನಮ್ಮ ವಿಭಾಗ ನಡೆಯುತ್ತಿದ್ದದ್ದು ಪದ್ಮವ್ವನ ಮೋಟರಿನ ಮೇಲೆ, ಮತ್ತು ಆ ಮೋಟರಿನ ಸುದ್ದಿ ಗೊತ್ತಿದ್ದದ್ದು ಅವರೊಬ್ಬರಿಗೆ.

ಅವರು ಕೃಷ್ಣೆಯ ದಂಡೆಯ ಜುಗೂಳದವರು. ಒಕ್ಕಲುತನದ ಜೈನರ ಮನೆ. ಓದಿದ್ದು ಡಿಪ್ಲೊಮಾ. ತೆಳ್ಳಗಿನ ಆಳು, ಅಂಗಿಯ ತೋಳನ್ನು ಎಂದೂ ಮಡಚುತ್ತಿರಲಿಲ್ಲ, ಬಿಸಿಲಿನಲ್ಲಿ ಗೋಪುರ ಹತ್ತಿ ಇಳಿದರೂ ಏದುಸಿರಿಲ್ಲ. ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿಯಬೇಕು. ಪೀಠ ಅರ್ಧ ಸುತ್ತಿನಲ್ಲಿದ್ದರೂ ಸರಿ, ಸಂಜೆಯ ನೆರಳು ಗೋಪುರದ ಮೂರನೇ ಮೆಟ್ಟಿಲಿಗೆ ಏರಿತೆಂದರೆ ಯಂತ್ರ ನಿಲ್ಲಿಸಿ ಬುಡದಲ್ಲಿ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ. ಹುಡುಗರು ಸುತ್ತ ಕೂತು ಮುರಿದುಕೊಂಡು ತಿನ್ನುತ್ತಿದ್ದರು. ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗರು ಅಲ್ಲಿ ಕುಳಿತು ಮ್ಯಾಕ್ಸ್‌ವೆಲ್ ಸಮೀಕರಣದ ಬಗ್ಗೆ ಪ್ರಶ್ನೆ ಕೇಳುವುದನ್ನು ನಾನು ಮಾಳಿಗೆಯ ಮೇಲಿನಿಂದ ಬೈನಾಕ್ಯುಲರಿನಲ್ಲಿ ನೋಡಿದ್ದೇನೆ. ಕೇಳಿಸುತ್ತಿರಲಿಲ್ಲ. ಆದರೂ ಅದನ್ನೇ ಕೇಳುತ್ತಿದ್ದಾರೆಂದು ನನಗೆ ಖಾತ್ರಿಯಿತ್ತು. ಹೊಟ್ಟೆಕಿಚ್ಚಿಗೆ ಕಿವಿ ಬೇಕಾಗಿಲ್ಲ.

ಹಾರ್ನ್ ಆಂಟೆನಾ ಅಂದರೆ ತುತ್ತೂರಿಯ ಹಾಗೆ ಬಾಯಿ ತೆರೆದ ಲೋಹದ ಕೊಳವೆ. ಬಯಲಲ್ಲಿಟ್ಟರೆ ಅದರೊಳಗೆ ಜೇಡ ಮನೆ ಮಾಡುತ್ತದೆ, ಮಾಡಿದರೆ ಅಳತೆ ಕೆಡುತ್ತದೆ. ನಾವಾದರೆ ಬಟ್ಟೆ ತೂರಿಸಿ ಒರೆಸಿ ಬಿಡುತ್ತೇವೆ. ಅವರು ಹಾಗಲ್ಲ. ಒಂದು ಕಾಗದದ ಚೂರು ಒಳಗೆ ಚಾಚಿ ಹಿಂದಿನಿಂದ ಮೆಲ್ಲಗೆ ಊದಿ, ಜೇಡ ಕಾಗದದ ಮೇಲೆ ಹತ್ತುವವರೆಗೆ ಕಾದು, ಅದನ್ನು ಬದುವಿನ ಹುಲ್ಲಿಗೆ ಬಿಟ್ಟು ಬರುತ್ತಿದ್ದರು. ಹುಡುಗಿಯರು ಅದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದರು. ಮರುದಿನ ನಾನೂ ಒಂದು ಕಾಗದ ಹಿಡಿದು ಊದಿದೆ. ಜೇಡ ಕಾಗದ ಬಿಟ್ಟು ನನ್ನ ಅಂಗಿಯ ತೋಳಿನೊಳಗೆ ನುಗ್ಗಿತು. ನಾನು ಕುಣಿದ ಕುಣಿತವನ್ನು ಯಾರೂ ಸ್ಟೇಟಸ್ ಹಾಕಲಿಲ್ಲ ಎಂಬುದೊಂದೇ ಸಮಾಧಾನ.

ಮನೆಯಲ್ಲೂ ಬಿಡುಗಡೆಯಿರಲಿಲ್ಲ. ಒಮ್ಮೆ ನಮ್ಮ ಟೀವಿಯ ಡಿಶ್ ಗಾಳಿಗೆ ತಿರುಗಿತು. ನಾನು ಎರಡು ಭಾನುವಾರ ಮಾಳಿಗೆ ಹತ್ತಿ ಒದ್ದಾಡಿದೆ. ಮೂರನೆಯ ಭಾನುವಾರ ಹೆಂಡತಿ ನನ್ನನ್ನು ಕೇಳದೆ ಅವರಿಗೆ ಫೋನು ಮಾಡಿದಳು. ಬಂದರು, ಚಹಾ ಬೇಡವೆಂದರು, ಡಿಶ್ಶಿನ ಅಂಚನ್ನು ಉಗುರಿನಿಂದ ಎರಡು ಸಲ ತಟ್ಟಿದರು, ಒಂದು ಬೆರಳಿನಷ್ಟು ಸರಿಸಿದರು. ಕೆಳಗಿನಿಂದ ಧಾರಾವಾಹಿಯ ದನಿ ಬಂತು.

"ಎಷ್ಟ ಸಮಾಧಾನದ ಮನಷ್ಯಾ ಅವ್ರು" ಎಂದಳು ಇವಳು, ಅವರು ಹೋದ ಮೇಲೆ.

"ನಾ ಆಂಟೆನಾದಾಗ ಎಂಟೆಕ್ ಮಾಡೇನಿ" ಎಂದೆ.

"ಅದಕ್ಕ ಹದಿನೈದ ದಿನಾ ಟೀವಿ ಇರಲಿಲ್ಲೇನ್ರಿ?" ಎಂದಳು.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದೇ. ಒಂದು ವರ್ಷ ಹೊರಗಿನ ದೊಡ್ಡ ಪ್ರಯೋಗಾಲಯದ ಹಿರಿಯ ವಿಜ್ಞಾನಿಯೊಬ್ಬರು ನಮ್ಮ ರೇಂಜ್ ನೋಡಲು ಬಂದರು. ನಾನು ಸೂಟು ಹಾಕಿಕೊಂಡು ಮುಕ್ಕಾಲು ಗಂಟೆ ಸ್ಲೈಡ್ ತೋರಿಸಿದೆ. ಆ ವಿಜ್ಞಾನಿ ಆಕಳಿಸುತ್ತ ಮೇಜಿನ ಮೇಲಿದ್ದ ರಿಜಿಸ್ಟರ್ ತಿರುವಿದವರು ಕಬ್ಬಿನ ಕಾಲಂ ನೋಡಿ ನೆಟ್ಟಗೆ ಕುಳಿತರು. ಮೊಬೈಲ್ ತೆಗೆದು ನಾಲ್ಕು ಪುಟಗಳ ಫೋಟೋ ಹೊಡೆದುಕೊಂಡರು. "ಇಂಥದ್ದನ್ನು ನಾನು ಎಲ್ಲಿಯೂ ನೋಡಿಲ್ಲ. ಇದನ್ನು ಬರೆಯುವವರು ಯಾರು?" ಎಂದರು. ಅವರನ್ನು ಕರೆಸಬೇಕಾಯಿತು. ಇಬ್ಬರೂ ಹೊಲದ ಬದುವಿಗೆ ಹೋಗಿ ನಿಂತು ಒಂದು ಗಂಟೆ ಮಾತಾಡಿದರು. ನಾನು ಸೂಟಿನಲ್ಲಿ ಬಿಸಿಲಿಗೆ ನಿಂತು ಅವರಿಬ್ಬರ ಬೆನ್ನು ನೋಡುತ್ತಿದ್ದೆ.

ಮುಂದಿನ ತಿಂಗಳೇ ನಾನು ಹೊಸ ರಿಜಿಸ್ಟರ್ ಅಚ್ಚು ಹಾಕಿಸಿದೆ. ತಪಾಸಣಾ ಸಮಿತಿ ಬರುವುದಿದೆ, ದಾಖಲೆ ಶಿಸ್ತಾಗಿರಬೇಕು ಎಂದು ಎಲ್ಲರಿಗೂ ಹೇಳಿದೆ. ಅದರಲ್ಲಿ ಉಷ್ಣಾಂಶಕ್ಕೆ ಕಾಲಂ ಇತ್ತು, ತೇವಾಂಶಕ್ಕೆ ಇತ್ತು, ನನ್ನ ಸಹಿಗೆ ಎರಡು ಕಡೆ ಇತ್ತು. ಕಬ್ಬಿಗೆ ಇರಲಿಲ್ಲ.

ಅವರು ಪುಟ ತಿರುವಿ ನೋಡಿದರು. "ಕಬ್ಬ ಎಲ್ಲಿ ಬರೀಲ್ರಿ ಸಾಹೇಬ್ರ?"

"ಅದನ್ನು ಬರೆಯುವುದು ಬೇಡ" ಎಂದೆ. ಅಥಣಿಯ ಹೊಲದಲ್ಲಿ ಬೆಳೆದವನಾದರೂ ಕಾಲೇಜಿನಲ್ಲಿ ನಾನು ಪುಸ್ತಕದ ಕನ್ನಡವನ್ನೇ ಮಾತಾಡುತ್ತೇನೆ. "ಅದು ವೈಜ್ಞಾನಿಕವಾಗಿ ಕಾಣುವುದಿಲ್ಲ."

"ಹ್ಞೂಂ ರಿ" ಎಂದರು. ಜಗಳವಾಡಿದ್ದರೆ ನನಗೆ ಎಷ್ಟೋ ಖುಷಿಯಾಗುತ್ತಿತ್ತು. ಮರುದಿನದಿಂದ ಅವರ ಅಂಗಿಯ ಜೇಬಿನಲ್ಲಿ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಡುವ ಸಣ್ಣ ಡೈರಿಯೊಂದು ಕಾಣಿಸಿತು.

ಆಗ ನಾನು ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದೆ. ತಲೆಗೂದಲು ನರೆತ ಮೇಲೆ ಹಿಡಿದ ಪಿಎಚ್‌ಡಿ ಅದು. ಊಟದ ತಾಟಿನಷ್ಟಗಲದ ಹಲಗೆಯ ಮೇಲೆ ತಾಮ್ರದ ಚೌಕಗಳನ್ನು ಕೂರಿಸಿ ಮಾಡಿದ ಆಂಟೆನಾ ನನ್ನದು. ನಾಲ್ಕು ವರ್ಷದ ಕೆಲಸ. ಬೆಳಗಾವಿಯಲ್ಲಿ ಪರಿಣತರ ಮುಂದೆ ಫಲಿತಾಂಶ ಇಡುವ ದಿನ ಹತ್ತಿರವಾಗಿತ್ತು. ಅದರಲ್ಲಿ ಪಾರಾದರೆ ಹೆಸರಿನ ಮುಂದೆ ಡಾ. ಬರುತ್ತದೆ. ಆಗ ಜನ ನನ್ನನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಿಲ್ಲುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ಮನೆಯ ಕೆಲಸಕ್ಕೆಂದು ಐದು ದಿನ ರಜೆ ಹಾಕಿ ಜುಗೂಳಕ್ಕೆ ಹೋದರು. ಹೋಗುವಾಗ, "ನಾ ಬರೂಮಟಾ ತಡೀರ್ರಿ ಸಾಹೇಬ್ರ" ಎಂದು ಹೇಳಿದ್ದರು.

ನಾನೇಕೆ ತಡೆಯಲಿ? ಅವರಿಲ್ಲದ ರೇಂಜ್ ಮೊದಲ ಸಲ ನನ್ನದು ಅನ್ನಿಸಿತು. ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಪದ್ಮವ್ವನ ಹೊಲ ಖಾಲಿ ಮಾಡಿದ್ದರು. ಒಣಗರಿಯ ರವದಿ ತೆಗೆದು ನೀರೂ ಬಿಟ್ಟಾಗಿತ್ತು. ಮಾಳಿಗೆಯ ಮೇಲೆ ನಿಂತರೆ ಗೋಪುರದ ಬುಡದವರೆಗೂ ಕಾಣಿಸುತ್ತಿತ್ತು. ದಾರಿ ತೆರವಾಯಿತು, ಇನ್ನು ಅಳತೆ ಶುದ್ಧ ಎಂದು ನಾನು ಹಿಗ್ಗಿದೆ. ನನ್ನ ಆಂಟೆನಾ ಏರಿಸಿ ತಿರುಗಿಸಿದೆ.

ಯಾವ ಆಂಟೆನಾ ಎಷ್ಟು ಬಲದ್ದೆಂದು ತಿಳಿಯಬೇಕಾದರೆ, ಬಲ ಮೊದಲೇ ಗೊತ್ತಿರುವ ಮಾದರಿ ಆಂಟೆನಾ ಒಂದನ್ನು ಅದೇ ಜಾಗದಲ್ಲಿಟ್ಟು ಹೋಲಿಸಬೇಕು. ಅವರು ಮಾದರಿಯನ್ನು ದಿನವೂ ಹೊಸದಾಗಿ ಅಳೆಯುತ್ತಿದ್ದರು. ನಿನ್ನೆಯ ಅಳತೆ ಇದ್ದರೂ ಇವತ್ತು ಮತ್ತೆ. ಅದು ನನಗೆ ಮುದುಕರ ಮಡಿಯಂತೆ ಕಾಣುತ್ತಿತ್ತು. ಹಿಂದಿನ ವಾರದ ಮಾದರಿಯ ಅಳತೆ ನನ್ನ ಹೊಸ ರಿಜಿಸ್ಟರಿನಲ್ಲಿ ಚೆಂದವಾಗಿ ಇತ್ತು. ಅದನ್ನೇ ತೆಗೆದುಕೊಂಡೆ. ಫಲಿತಾಂಶ ನೋಡಿ ಕುಣಿಯುವಂತಾಯಿತು. ನನ್ನ ಆಂಟೆನಾ ನಾನು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಬಲದ್ದಾಗಿತ್ತು.

ರಜೆ ಮುಗಿಸಿ ಬಂದವರಿಗೆ ಕಾಗದ ತೋರಿಸಿದೆ. ತೋರಿಸದೆ ಇರಲಾಗಲಿಲ್ಲ. ಅವರು ಕಾಗದ ನೋಡಿದರು, ಕಿಟಕಿಯಿಂದ ಹೊಲ ನೋಡಿದರು.

"ಮಾದರಿ ಯಾವತ್ತ ಅಳದೀರಿ?"

"ಹೋದ ವಾರದ್ದೇ ಇದೆಯಲ್ಲ."

"ಹೋದ ವಾರ ಆಳೆತ್ತರ ಕಬ್ಬ ನಿಂತಿತ್ರಿ. ಅದು ಅಲೀನ ನುಂಗತಿತ್ತು. ಈಗ ಬರೇ ಹಸಿ ನೆಲಾ ಐತಿ, ಕನ್ನಡಿ ಹಂಗ ಹೊಳ್ಳಿ ಒಗ್ಯಾಕತ್ತೈತಿ. ಇದರಾಗ ಅರ್ಧಾ ನಿಮ್ಮ ಆಂಟೆನಾದ್ದು, ಅರ್ಧಾ ಪದ್ಮವ್ವನ ಹೊಲದ್ದ ಐತ್ರಿ ಸಾಹೇಬ್ರ. ನಾಕ ದಿನಾ ತಡದ ಮತ್ತೊಮ್ಮಿ ಅಳಿಯೂಣ್ರಿ."

ಅವರು ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದ್ದರು. ನಾನು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದೆ: "ಡಿಪ್ಲೊಮಾ ಓದಿದವರು ಪಿಎಚ್‌ಡಿಯಲ್ಲಿ ಕೈ ಹಾಕುವುದು ಬೇಡ."

ಹುಡುಗರು ತಲೆ ತಗ್ಗಿಸಿದರು. ಅವರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಗಾಳಿಗೆ ಹಾರದಂತೆ ಪೇಪರ್‌ವೇಟ್ ಇಟ್ಟು ಹೋದರು. ಆ ಪೇಪರ್‌ವೇಟ್ ನನಗೆ ಇವತ್ತಿಗೂ ಚುಚ್ಚುತ್ತದೆ.

ಬೆಳಗಾವಿಯಲ್ಲಿ ನನ್ನ ಸ್ಲೈಡುಗಳು ಮುಗಿದ ಮೇಲೆ ಪರಿಣತರಲ್ಲಿ ವಯಸ್ಸಾದವರೊಬ್ಬರು ಒಂದೇ ಪ್ರಶ್ನೆ ಕೇಳಿದರು. "ಎರಡು ಆಂಟೆನಾಗಳ ನಡುವೆ ಏನಿತ್ತು?"

"ಹೊಲ" ಎಂದೆ.

"ಹೊಲದಲ್ಲಿ ಆ ದಿನ ಏನಿತ್ತು? ಮಾದರಿಯನ್ನು ಅಳೆದ ದಿನ ಏನಿತ್ತು? ದಾಖಲೆ ಇದೆಯೇ?"

ನಾನು ಅಚ್ಚು ಹಾಕಿಸಿದ ರಿಜಿಸ್ಟರ್ ಕೈಯಲ್ಲೇ ಇತ್ತು. ಅದರಲ್ಲಿ ತೇವಾಂಶವಿತ್ತು, ಎರಡೆರಡು ಕಡೆ ನನ್ನ ಸಹಿಯಿತ್ತು. ಮತ್ತೆ ಅಳೆದುಕೊಂಡು ಬನ್ನಿ ಎಂದು ಕಳಿಸಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಎರಡೂ ಬದಿಗೆ ಕಬ್ಬು. ಕಣ್ಣು ಮುಚ್ಚಿಕೊಂಡು ಬಂದೆ.

ಕಾಲೇಜಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮೇಜಿನ ಡ್ರಾಯರ್ ಎಳೆದರೆ ಒಂದು ಹಾಳೆ ಇತ್ತು. ನನ್ನ ಆಂಟೆನಾದ ಅಳತೆ, ಅವರ ದುಂಡಗಿನ ಅಕ್ಷರ. ನಾನು ಬೆಳಗಾವಿಯಲ್ಲಿದ್ದಾಗ ಅವರೊಬ್ಬರೇ ಏರಿಸಿ, ತಿರುಗಿಸಿ, ಇಳಿಸಿದ್ದರು. ಅಂಚಿನಲ್ಲಿ ಕೈಯಿಂದಲೇ ಕಾಲಂ ಎಳೆದಿದ್ದರು. ಕಬ್ಬು: ಕುಳೆ, ಬೆರಳುದ್ದ. ನೀರು: ಆರು ದಿನದ ಹಿಂದೆ. ಮಾದರಿ: ಇವತ್ತೇ. ಕೆಳಗೆ ಸಹಿ. ಬಂದ ಅಂಕಿ ನನ್ನ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಂದರೆ ನನ್ನ ಆಂಟೆನಾ ನಾನು ಲೆಕ್ಕ ಹಾಕಿದಷ್ಟೇ ಒಳ್ಳೆಯದಿತ್ತು. ಸುಳ್ಳು ಅಂಕಿಯ ಹಂಗು ಅದಕ್ಕೆ ಇರಲೇ ಇಲ್ಲ.

ಆ ಹಾಳೆಯನ್ನು ಹಿಡಿದು ನೇರ ಬೆಳಗಾವಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅವರ ಸಹಿಯ ಮೇಲೆ ಡಾಕ್ಟರ್ ಆಗುವುದಕ್ಕಿಂತ ಆಗದಿರುವುದು ಮೇಲು ಅನ್ನಿಸಿತು. ಹಾಳೆಯನ್ನು ಡ್ರಾಯರಿನಲ್ಲಿ ಬೀಗ ಹಾಕಿಟ್ಟು ಎಲ್ಲವನ್ನೂ ಮೊದಲಿನಿಂದ ನಾನೇ ಮಾಡಿದೆ. ಪದ್ಮವ್ವನಿಗೆ ಫೋನು ಮಾಡಲು ನಂಬರ್ ಇರಲಿಲ್ಲ, ಅವರನ್ನು ಕೇಳಲು ಮನಸ್ಸಿರಲಿಲ್ಲ. ಹೊಲಕ್ಕೆ ನಾನೇ ಇಳಿದು ಬೂಟಿನಿಂದ ನೆಲ ಒತ್ತಿ ಹಸಿ ನೋಡುತ್ತಿದ್ದೆ. ಮೂರು ವಾರ ಹಿಡಿಯಿತು. ಸಂಜೆಗಳಲ್ಲಿ ಅವರು ಗೋಪುರದ ಬುಡದಲ್ಲಿ ಡಬ್ಬಿ ಬಿಚ್ಚಿಕೊಂಡು ಕುಳಿತಿರುತ್ತಿದ್ದರು. ನನ್ನನ್ನು ನೋಡುತ್ತ ರೊಟ್ಟಿ ಮುರಿಯುತ್ತಿದ್ದರು. ಕೊನೆಗೆ ನನ್ನ ಅಂಕಿ ಬಂತು. ಅವರ ಹಾಳೆಯಲ್ಲಿದ್ದ ಅಂಕಿಯೇ.

ಡಾ. ಬಂತು. ಪ್ರಬಂಧದ ಮೊದಲ ಪುಟದಲ್ಲಿ ಮಾರ್ಗದರ್ಶಕರಿಗೆ, ಪ್ರಾಂಶುಪಾಲರಿಗೆ, ಹೆಂಡತಿಗೆ ಕೃತಜ್ಞತೆ ಹೇಳಿದೆ. ಅನುಕೂಲವಾಗಿದ್ದ ಹವಾಮಾನಕ್ಕೂ ಹೇಳಿದೆ. ಅವರಿಗೆ ಹೇಳಲಿಲ್ಲ. ಅಷ್ಟು ಸಣ್ಣವನು ನಾನು.

ಇನ್ನು ಬೀಳ್ಕೊಡುಗೆಯ ಮಾತಿಗೆ ಬರುತ್ತೇನೆ. ನಾನು ನಾಲ್ಕು ವಾಕ್ಯ ಮಾತಾಡಿದೆ. ನಾಲ್ಕರಲ್ಲೂ 'ಶಿಸ್ತು' ಇತ್ತು. ಆಮೇಲೆ ಅವರು ಎದ್ದರು, ತಲೆಯ ಮೇಲಿನ ಪಟಗಾವನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

"ನಾ ಭಾಳ ಮಾತಾಡಂಗಿಲ್ರಿ" ಎಂದು ಶುರುಮಾಡಿದರು. "ಇಪ್ಪತ್ತೆಂಟ ವರ್ಷ ಆತು. ಭಾಳ ಮಂದಿ ಬಂದ್ರು, ಅಳಕೊಂಡ ಹ್ವಾದ್ರು. ಅಂಕಿ ಚಲೋ ಬಂತಂದ್ರ ಯಾರೂ ಹೊಳ್ಳಿ ಅಳಿಯಂಗಿಲ್ಲ. ನಮ್ಮ ಸಾಹೇಬ್ರು ಅಳದ್ರು. ಬರೋಬರ ಅಂಕಿ ಅವ್ರ ಡ್ರಾಯರ್‌ದಾಗ ಇತ್ರಿ, ನಾನ ಇಟ್ಟಿದ್ದೆ. ಇನ್ನೊಬ್ರು ಅಳದದ್ದ ನಂಗ ಬ್ಯಾಡಂತ ಬಿಸಲಾಗ ಮೂರ ವಾರ ಒಬ್ಬರ ದುಡದ್ರು. ಹೊಲದಾಗ ಇಳದ ಬೂಟಲೆ ಹಸೀ ನೋಡಿದ್ರು. ಅವತ್ತ ನಾ ನಮ್ಮ ಮನ್ಯಾಗ ಹೇಳೇನ್ರಿ, ಇಂಥಾ ಮನಷ್ಯಾನ ಕೈಯಾಗ ರೇಂಜ್ ಬಿಟ್ಟ ಹೋಗಾಕ ನಂಗೇನ ಚಿಂತಿಲ್ಲಂತ."

ಸಭೆ ಚಪ್ಪಾಳೆ ತಟ್ಟಿತು. ಹನ್ನೊಂದು ಜನ ರೈತರೂ ಹಿಂತಿರುಗಿ ನನ್ನನ್ನು ನೋಡಿದರು. ನಾನು ಕೈ ಮುಗಿದೆ. ಇನ್ನೇನು ಮಾಡಲಿ? ನನ್ನ ಹೊಟ್ಟೆಕಿಚ್ಚನ್ನು ಅವರು ಪ್ರಾಮಾಣಿಕತೆ ಎಂದು ತಿಳಿದಿದ್ದರು. ಇಷ್ಟು ವರ್ಷ ಹಾಗೆಯೇ ತಿಳಿದು ನನ್ನನ್ನು ಗೌರವಿಸಿದ್ದರು. ಅದು ಹಾಗಲ್ಲ ಎಂದು ಎದ್ದು ಹೇಳುವ ಪ್ರಾಮಾಣಿಕತೆ ನನಗಿರಲಿಲ್ಲ. ಇಷ್ಟು ಒಳ್ಳೆಯದಾಗಿ ಯೋಚಿಸುವ ಅವರ ಮನಸ್ಸಿನ ಮೇಲೂ ಆ ಗಳಿಗೆಯಲ್ಲಿ ನನಗೆ ಹೊಟ್ಟೆ ಉರಿಯಿತು.

ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಚೀಟಿ ಕೊಟ್ಟರು. "ಪದ್ಮವ್ವನ ನಂಬರ್ ಐತ್ರಿ ಸಾಹೇಬ್ರ. ಇಟಗೋರಿ." ಗೊಬ್ಬರದಂಗಡಿಯ ಡೈರಿಯನ್ನು ಕೊಡಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ. ಬೆಲ್ಲದ ಪೆಂಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರೈತರ ಟ್ರ್ಯಾಕ್ಟರ್ ಹತ್ತಿ ಹೋದರು.

ಮುಂದಿನ ವಾರ ಅಳತೆಗೆ ಒಂದು ಆಂಟೆನಾ ಬಂತು. ಹುಡುಗರು ಅದನ್ನು ಗೋಪುರಕ್ಕೆ ಏರಿಸಿ, "ಸುರು ಮಾಡೂಣ್ರಿ ಸರ್?" ಎಂದು ನನ್ನ ಮುಖ ನೋಡಿದರು. ನಾನು ಸ್ಕೇಲು ತೆಗೆದುಕೊಂಡು, ಅಚ್ಚಾದ ರಿಜಿಸ್ಟರಿನ ಅಂಚಿನಲ್ಲಿ ಗೆರೆ ಎಳೆದು, ಮೇಲೆ 'ಕಬ್ಬು' ಎಂದು ಬರೆದೆ. ಆಮೇಲೆ ಚೀಟಿ ನೋಡಿ ಫೋನು ಮಾಡಿದೆ.

"ಯಾರ್ರಿ?" ಎಂದಳು ಪದ್ಮವ್ವ. ಹಿಂದೆ ಮೋಟರಿನ ಸದ್ದಿತ್ತು.

"ನಾನು ಕಾಲೇಜಿನ ಎಚ್‌ಓಡಿ ಮಾತನಾಡುತ್ತಿದ್ದೇನೆ."

"ಯಾರಂದ್ರಿ?"

ಹೆಸರು ಹೇಳಿದೆ. ಡಾ. ಸೇರಿಸಿಯೇ ಹೇಳಿದೆ.

"ಗೊತ್ತಾಗಲಿಲ್ರಿ ನಂಗ. ಯಾರ ಕಡಿಯಾವ್ರ ನೀವು?"

ಹುಡುಗರು ಸುತ್ತ ನಿಂತಿದ್ದರು. ಫೋನು ಕಿವಿಯಿಂದ ತೆಗೆದು ಇಟ್ಟುಬಿಡೋಣ ಅನ್ನಿಸಿತು. ಎದುರಿಗೆ ಗೋಪುರದ ಮೂರನೇ ಮೆಟ್ಟಿಲು ಕಾಣುತ್ತಿತ್ತು.

"ಟಾವರ್ ಅಣ್ಣಾನ ಕಡಿಯಾಂವ್ರಿ" ಎಂದೆ.

"ಅಯ್ಯ, ಅದನ್ನ ಮೊದ್ಲ ಹೇಳಬಾರದೇನ್ರಿ!" ಎಂದಳು. "ಇವತ್ತ ಒಂದಿನಾ ನೀರ ಬಿಡಾಕತ್ತೀನಿ. ನಾಕ ದಿನಾ ಬಿಟ್ಟ ಅಳಕೋರಿ."

ಆಂಟೆನಾ ಇಳಿಸಲು ಹುಡುಗರಿಗೆ ಹೇಳಿ, ಆ ದಿನದ ಕಾಲಮಿನಲ್ಲಿ ಬರೆದೆ: ಎದೆಮಟ್ಟ, ಇವತ್ತು ನೀರು.